ಮನೆಯಲ್ಲೇ ಕಲಿಯುವ ಮಕ್ಕಳಿಗೆ ಜೊತೆ ಕಟ್ಟುವುದು ಹೇಗೆ? ಮಲೆನಾಡಿನ ಮನೆಗಳಿಗೆ ಒಂದು ಕೈಪಿಡಿ

ತೀರ್ಥಹಳ್ಳಿ ಕಡೆಯ ಒಂಟಿಮನೆಗಳನ್ನು ನೋಡಿದವರಿಗೆ ಗೊತ್ತು. ನಮ್ಮ ಮನೆಯಿಂದ ಪಕ್ಕದ ಮನೆಗೆ ಹೋಗಬೇಕೆಂದರೆ ಗದ್ದೆ ಅಂಚಿನಲ್ಲಿ ನಡೆದು, ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಆಮೇಲೆ ದರೆ ಹತ್ತಬೇಕು. ಜೋರು ಮಳೆಗೆ ಸಂಕ ಮುಳುಗಿದರೆ ಅದೂ ಇಲ್ಲ. ಇಂಥ ಜಾಗದಲ್ಲಿ ಕೂತು ‘ಮಕ್ಕಳಿಗೆ ಮನೆಯಲ್ಲೇ ಕಲಿಸ್ತೀವಿ’ ಎಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು. ‘ಪಾಠ ಹೇಗೋ ಆಗುತ್ತೆ ಮಾರಾಯ್ತಿ, ಜೊತೆಗೆ ಯಾರಿದಾರೆ?’

ಮೊದಲ ವರ್ಷ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಮಗಳಿಗೆ ಆಗ ಎಂಟು. ಸಂಜೆ ಶಾಲೆ ಬಸ್ಸು ಬರುವ ಹೊತ್ತಿಗೆ ಬೇಲಿಯ ಉಣಗೋಲಿನ (ಗೇಟಿನ) ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಾಕೆ ಪುಟ್ಟಿ ಎಂದು ಕೇಳಿದರೆ, ‘ಬಸ್ಸಲ್ಲಿ ಎಷ್ಟು ಜನ ಮಕ್ಕಳಿದಾರೆ ಅಂತ ಎಣಿಸ್ತೀನಿ’ ಅಂದಳು. ಅವತ್ತು ರಾತ್ರಿ ನಾನೂ ನಮ್ಮನೆಯವರೂ ಕೂತು ಮಾತಾಡಿದೆವು. ಓದು, ಲೆಕ್ಕ, ತೋಟ, ಕಾಡು ಯಾವುದಕ್ಕೂ ಇಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ಓರಗೆಯ ಮಕ್ಕಳದ್ದು. ಪೇಟೆಯಲ್ಲಾದರೆ ಬೀದಿಗೆ ಬಿಟ್ಟರೆ ಸಾಕು, ಜೊತೆ ಸಿಗುತ್ತದೆ. ಇಲ್ಲಿ ಅಪ್ಪ ಅಮ್ಮನೇ ಕೂತು ಕಟ್ಟಬೇಕು.

ಈಗ ನಾಲ್ಕು ವರ್ಷವಾಯಿತು. ಆಗುಂಬೆ ಕಡೆಯಿಂದ ಶಿವಮೊಗ್ಗ ಪೇಟೆಯವರೆಗೆ ಏಳು ಮನೆಗಳ ಗುಂಪು ನಮ್ಮದು. ಹೇಗೆ ಕಟ್ಟಿದೆವು, ಎಲ್ಲಿ ಎಡವಿದೆವು ಎಂಬುದನ್ನು ನೀವು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಮೂರು ಮನೆ ಹುಡುಕಿ

ಶುರುವಿಗೆ ಮೂರು ಮನೆ ಸಾಕು. ಹತ್ತು ಸಿಗಲಿ ಎಂದು ಕಾಯುತ್ತಾ ಕೂತರೆ ಮಕ್ಕಳು ಬೆಳೆದುಬಿಡುತ್ತಾರೆ.

ಹೋಮ್‌ಸ್ಕೂಲಿಂಗ್ ಮಾಡುವವರು ಬೋರ್ಡು ಹಾಕಿಕೊಂಡು ಕೂರುವುದಿಲ್ಲ. ಎಷ್ಟೋ ಜನ ಊರಲ್ಲಿ ಯಾರಿಗೂ ಹೇಳಿರುವುದೇ ಇಲ್ಲ. ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸು ಬಂದ ಮನೆಗಳಲ್ಲಿ, ಸಾವಯವ ಕೃಷಿ ಮಾಡುವವರಲ್ಲಿ, ಹೆಗ್ಗೋಡಿಗೆ ನಾಟಕ ನೋಡಲು ಬರುವವರಲ್ಲಿ ವಿಚಾರಿಸಿ. ನಮಗೆ ಎರಡನೇ ಮನೆ ಸಿಕ್ಕಿದ್ದು ಅಡಿಕೆ ಸೊಸೈಟಿಯ ಬಾಗಿಲಿಗೆ ಅಂಟಿಸಿದ ಒಂದು ಚೀಟಿಯಿಂದ. ಅದರಲ್ಲಿ ಬರೆದದ್ದು ಇಷ್ಟೇ: ‘6ರಿಂದ 14 ವರ್ಷದ ಮಕ್ಕಳು ವಾರಕ್ಕೊಮ್ಮೆ ಸೇರಿ ಆಡಲು, ಓದಲು ಒಂದು ಗುಂಪು ಮಾಡುತ್ತಿದ್ದೇವೆ. ಮನೆಯಲ್ಲೇ ಕಲಿಯುವ ಮಕ್ಕಳೂ ಇದ್ದಾರೆ. ಫೀಸು ಇಲ್ಲ.’ ಕೆಳಗೆ ಫೋನ್ ನಂಬರ್. ಇಂಥ ಚೀಟಿಗೆ ಗೊಬ್ಬರದ ಅಂಗಡಿ, ಹಿಟ್ಟಿನ ಗಿರಣಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಒಳ್ಳೆಯ ಜಾಗ. ದೇಶದ ಮಟ್ಟದಲ್ಲಿ ‘ಸ್ವಶಿಕ್ಷಣ್’ ಎಂಬ ಹೋಮ್‌ಸ್ಕೂಲಿಂಗ್ ಕುಟುಂಬಗಳ ಸಂಘವಿದೆ. ಅನುಭವ ಕೇಳಿ ತಿಳಿಯಲು ಅದು ಒಳ್ಳೆಯದು. ಆದರೆ ಶನಿವಾರ ಮಧ್ಯಾಹ್ನ ನಿಮ್ಮ ಮಗನ ಜೊತೆ ಲಗೋರಿ ಆಡಲು ಪಕ್ಕದೂರಿನ ಹುಡುಗನೇ ಬೇಕಲ್ವಾ?

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಗುಂಪನ್ನು ಹೋಮ್‌ಸ್ಕೂಲಿಂಗ್ ಮಕ್ಕಳಿಗೆ ಮಾತ್ರ ಎಂದು ಬೇಲಿ ಹಾಕಬೇಡಿ. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಊರಿನ ಶಾಲೆಗೆ ಹೋಗುವವರು. ತೋಟದ ಕೆಲಸಕ್ಕೆ ಬರುವವರ ಮಕ್ಕಳೂ ಇದ್ದಾರೆ. ಬರೀ ನಮ್ಮಂಥವರೇ ಸೇರಿದ್ದರೆ ಮಕ್ಕಳಿಗೆ ಊರಿನೊಳಗೆ ಇನ್ನೊಂದು ಚಿಕ್ಕ ಊರು ಕಟ್ಟಿಕೊಟ್ಟ ಹಾಗೆ ಆಗುತ್ತಿತ್ತು. ಊರಿನ ಭಾಷೆ, ಊರಿನ ಆಟ, ಜಗಳ ಆಡಿ ರಾಜಿ ಆಗುವ ರೀತಿ ಎಲ್ಲವನ್ನೂ ನನ್ನ ಮಕ್ಕಳು ಕಲಿತದ್ದು ಈ ಮಕ್ಕಳಿಂದ.

ದಿನ ಗೊತ್ತು ಮಾಡಿ, ಆಮೇಲೆ ಬದಲಿಸಬೇಡಿ

ನಮ್ಮದು ಶನಿವಾರ ಮಧ್ಯಾಹ್ನ ಎರಡರಿಂದ ಐದು. ಶನಿವಾರ ಶಾಲೆ ಬೆಳಗಿನ ಹೊತ್ತೇ ಮುಗಿಯುವುದರಿಂದ ಎಲ್ಲ ಮಕ್ಕಳಿಗೂ ಆಗುತ್ತದೆ. ತಿಂಗಳಿಗೊಂದು ಬುಧವಾರ ಎಲ್ಲಿಗಾದರೂ ಹೊರಡುತ್ತೇವೆ, ಅದು ಮನೆಯಲ್ಲೇ ಕಲಿಯುವವರಿಗೆ.

ಮೊದಲ ಮಳೆಗಾಲದಲ್ಲಿ ತಪ್ಪು ಮಾಡಿದೆವು. ಜೂನ್ ಕೊನೆಗೆ ಮಳೆ ಹಿಡಿಯಿತು. ಒಬ್ಬರು ‘ಈ ವಾರ ಬೇಡ’ ಅಂದರು, ಮುಂದಿನ ವಾರ ಇನ್ನೊಬ್ಬರು. ಹೀಗೇ ಐದು ವಾರ ಹೋಯಿತು. ಆಗಸ್ಟಿನಲ್ಲಿ ಮತ್ತೆ ಸೇರಿದಾಗ ಮಕ್ಕಳು ಹೊಸಬರ ಹಾಗೆ ಅಮ್ಮಂದಿರ ಸೆರಗು ಹಿಡಿದು ನಿಂತರು. ಅವತ್ತೇ ಒಂದು ನಿಯಮ ಮಾಡಿಕೊಂಡೆವು. ಇಬ್ಬರೇ ಮಕ್ಕಳು ಬಂದರೂ ಶನಿವಾರ ನಡೆಯಬೇಕು. ಸಂಕ ಮುಳುಗಿದಾಗ ಹಳ್ಳದ ಆಚೆಯವರು ಆಚೆ ಒಂದು ಮನೆಯಲ್ಲಿ, ಈಚೆಯವರು ಈಚೆ ಒಂದು ಮನೆಯಲ್ಲಿ ಸೇರುತ್ತಾರೆ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದರಿಂದ ಮೆಸೇಜು ನಂಬಿಕೊಂಡು ಇರಲಾಗುವುದಿಲ್ಲ. ಮುಂದಿನ ತಿಂಗಳ ಶನಿವಾರಗಳು ಯಾರ ಮನೆಯಲ್ಲಿ ಎಂಬುದನ್ನು ಹಿಂದಿನ ತಿಂಗಳೇ ಕಾಗದದಲ್ಲಿ ಬರೆದು ಎಲ್ಲರ ಅಡುಗೆಮನೆ ಗೋಡೆಗೂ ಹಾಕುತ್ತೇವೆ.

ಜಾಗಕ್ಕೆ ಜಗಲಿ ಇರುವ ಮನೆಯೇ ಒಳ್ಳೆಯದು. ಮಳೆ ಬಂದರೂ ನಡೆಯುತ್ತದೆ, ಮನೆಯವರಿಗೂ ಒಳಗೆ ತೊಂದರೆ ಇಲ್ಲ. ತಿಂಡಿ ವಿಷಯದಲ್ಲಿ ಪೈಪೋಟಿ ಶುರುವಾಗದ ಹಾಗೆ ನೋಡಿಕೊಳ್ಳಿ. ಅವಲಕ್ಕಿ ಮತ್ತು ಮಜ್ಜಿಗೆ, ಅಷ್ಟೇ ಎಂದು ಮೊದಲೇ ಹೇಳಿಬಿಡಿ.

ಮೊದಲ ಎರಡು ತಿಂಗಳು ಪಾಠ ಬೇಡ

ನಾವು ಉತ್ಸಾಹದಲ್ಲಿ ಟೈಮ್‌ಟೇಬಲ್ ಹಾಕಿದ್ದೆವು. ಒಬ್ಬರು ವಿಜ್ಞಾನ, ಒಬ್ಬರು ಇಂಗ್ಲಿಷ್, ಒಬ್ಬರು ಚಿತ್ರ. ಮೂರನೇ ವಾರಕ್ಕೇ ಮಕ್ಕಳ ಮುಖ ಬಾಡಿತ್ತು. ಅವರಿಗೆ ಬೇಕಾಗಿದ್ದದ್ದು ಒಬ್ಬರಿಗೊಬ್ಬರು ಸಿಗುವುದು. ನಾವು ಅವರನ್ನು ಸಾಲಾಗಿ ಕೂರಿಸಿ ನಮ್ಮ ಕಡೆ ನೋಡಿ ಎನ್ನುತ್ತಿದ್ದೆವು.

ಟೈಮ್‌ಟೇಬಲ್ ತೆಗೆದ ಮೇಲೆ ಸುಮ್ನೆ ಆಡಲು ಬಿಟ್ಟೆವು. ಚಿನ್ನಿದಾಂಡು, ಕುಂಟೆಬಿಲ್ಲೆ, ಮಳೆ ಬಂದರೆ ಚೌಕಾಬಾರ, ಅಳುಗುಳಿಮಣೆ. ದೊಡ್ಡವರ ಕೆಲಸ ಹತ್ತಿರದಲ್ಲಿ ಇರುವುದು, ಕೈ ಹಾಕದೆ ಇರುವುದು. ಆಡುತ್ತಾ ಆಡುತ್ತಾ ಯಾರಿಗೆ ಯಾವುದರಲ್ಲಿ ಮನಸ್ಸು ಎಂದು ತಾನಾಗಿ ಕಾಣುತ್ತದೆ. ಆಮೇಲೆ ಶುರುಮಾಡುವ ಕೆಲಸ ನಿಲ್ಲುತ್ತದೆ.

ಒಂದೇ ಮನೆಯಿಂದ ಆಗದ ಕಲಿಕೆ ಹುಡುಕಿ

ಪುಸ್ತಕದ ಪಾಠ ಮನೆಯಲ್ಲಿ ಮಾಡಿಕೊಳ್ಳಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಗುಂಪು ಬೇಕಾಗುವುದು ಒಬ್ಬರೇ ಮಾಡಲಾಗದ ಕೆಲಸಕ್ಕೆ. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಮಳೆ ಲೆಕ್ಕ.

ಪ್ರತಿ ಮನೆಗೂ ಒಂದೇ ಥರದ, ಬದಿ ನೇರ ಇರುವ ಒಂದು ಬಾಟಲಿ. ಮೇಲಿನ ಭಾಗ ಕತ್ತರಿಸಿ, ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸುವುದು. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಅಷ್ಟಕ್ಕೆ ಮೊದಲೇ ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತು ಹಾಕಿ ಸ್ಕೇಲ್ ಅಂಟಿಸಬೇಕು. ಮರ, ಮಾಡು (ಸೂರು) ಇಲ್ಲದ ಬಯಲಲ್ಲಿ ಇಟ್ಟು, ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಬರೆದು, ನೀರನ್ನು ಸೊನ್ನೆ ಗುರುತಿಗೆ ಇಳಿಸಿಡುವುದು. ಶನಿವಾರ ಏಳೂ ಮನೆಯ ಪುಸ್ತಕ ಜಗಲಿಗೆ ಬರುತ್ತದೆ.

ಮೊದಲ ವಾರ ಮಕ್ಕಳು ಜಗಳಕ್ಕೇ ನಿಂತರು. ಆಗುಂಬೆ ಕಡೆಯ ಹುಡುಗ ಒಂದು ದಿನಕ್ಕೆ 180 ಮಿಲಿಮೀಟರ್ ಬರೆದಿದ್ದ. ಶಿವಮೊಗ್ಗದ ಹುಡುಗಿಯದ್ದು ಅದೇ ದಿನ 12. ‘ನೀನು ನೀರು ಹಾಕಿದೀಯ’ ಎಂದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡ. ಆಗ ನಕ್ಷೆ ಬಿಡಿಸಿ ಏಳು ಮನೆ ಗುರುತು ಮಾಡಿ, ಪಕ್ಕದಲ್ಲಿ ಮಳೆ ಬರೆದೆವು. ಪಶ್ಚಿಮದಿಂದ ಪೂರ್ವಕ್ಕೆ ಅಂಕಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ನೂರು ಕಿಲೋಮೀಟರ್ ಒಳಗಿನ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಸಾವಿರದ ಆಸುಪಾಸಿಗೆ ಬರುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಇದನ್ನು ನಾನು ಹೇಳುವ ಮೊದಲೇ ಮಗಳು ನಕ್ಷೆ ಮೇಲೆ ಬೆರಳಿಟ್ಟು ‘ಗುಡ್ಡ ಎಲ್ಲಿದೆ ಅಮ್ಮ?’ ಎಂದು ಕೇಳಿದಳು. ಒಂದೇ ಮನೆಯ ಬಾಟಲಿ ಇಟ್ಟುಕೊಂಡಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಅಲ್ಲಿಂದ ಮುಂದೆ ದಾರಿ ತಾನೇ ತೆರೆಯಿತು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಡಿಗೆ ಒಂದು ಇಂಚು ಮಳೆ ಬಿದ್ದರೆ 2540 ಲೀಟರ್. ದಶಮಾಂಶ ಎಂದರೆ ಓಡಿಹೋಗುತ್ತಿದ್ದ ನನ್ನ ಮಗ ಈ ಲೆಕ್ಕ ಮಾಡಿ ಕೊಟ್ಟಿಗೆಯ ಮಾಡಿನದ್ದೂ ಮಾಡಿದ. ಅಜ್ಜಂದಿರು ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಯ ಹೆಸರು ಹೇಳಿಕೊಟ್ಟರು. ಪ್ರತಿ ಮಳೆಗೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆ ಎಷ್ಟು ಸುರಿಯಿತು ಎಂಬ ಪಟ್ಟಿ ಈಗ ನಾಲ್ಕು ವರ್ಷದ್ದು ಇದೆ.

ಅಡಿಕೆ ಕೊಯ್ಲಿನ ಕಾಲದಲ್ಲೂ ಹೀಗೇ. ಕೊನೆ (ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವುದು, ಅಡಿಕೆ ಬೇಯಿಸಿದ ನೀರಿನ ಚೊಗರು ಕಾಯಿಸುವುದು ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಸುಲಿಯುವ ಚಪ್ಪರದಲ್ಲಿ ಯಾರು ಎಷ್ಟು ಡಬ್ಬ ಸುಲಿದರು ಎಂದು ಬರೆದು, ಕೂಲಿ ಲೆಕ್ಕ ಹಾಕುವ ಕೆಲಸ ದೊಡ್ಡ ಮಕ್ಕಳಿಗೆ ಕೊಡಿ. ತಪ್ಪಾದರೆ ಸುಲಿದವರೇ ಹಿಡಿಯುತ್ತಾರೆ. ಕತ್ತಿಯ ಹತ್ತಿರ ಮಾತ್ರ ಬಿಡಬೇಡಿ.

ಊರಿನ ಕೈಕಸುಬಿನವರನ್ನು ಗುರುಗಳಾಗಿ ಕರೆಯಿರಿ

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಒಬ್ಬ ಅಜ್ಜಿಯ ಮನೆಗೆ ನಾಲ್ಕು ಬುಧವಾರ ಹೋದೆವು. ಮೊದಲ ದಿನ ಬರೆಯಲು ಬಿಡಲೇ ಇಲ್ಲ. ಕೆಮ್ಮಣ್ಣು ಕಲಸಿ ಗೋಡೆಗೆ ಬಳಿಯುವುದು, ಅಕ್ಕಿ ನೆನೆಸಿ ನುಣ್ಣಗೆ ಅರೆದು ಬಿಳಿ ಬಣ್ಣ ಮಾಡುವುದು, ಅಕ್ಕಿಯನ್ನು ಕಪ್ಪಾಗುವ ತನಕ ಹುರಿದು ಕರಿ ಬಣ್ಣ ಮಾಡುವುದು, ಇಷ್ಟೇ. ಎರಡನೇ ದಿನ ಪುಂಡಿ ನಾರಿನ ಕುಂಚ ಕಟ್ಟುವುದು. ಮೂರನೇ ದಿನ ಗೆರೆ. ನನ್ನ ಮಗಳು ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು, ಗೆರೆ ನಡುಗುತ್ತಿತ್ತು. ಅಜ್ಜಿ ಹಿಂದಿನಿಂದ ಬಂದು ಅವಳ ಮೊಣಕೈ ಹಿಡಿದು, ‘ಉಸ್ರು ಬಿಡು ಮಗಾ, ಗೆರೆ ತಾನೇ ಬತ್ತದೆ’ ಅಂದರು. ಅಳತೆಪಟ್ಟಿ ಇಲ್ಲದೆ ಗೋಡೆಯ ಈ ತುದಿಯಿಂದ ಆ ತುದಿಗೆ ಚೌಕ, ತ್ರಿಕೋನ ಸರಿಯಾಗಿ ಕೂರಿಸುವ ಆ ಕಣ್ಣಿನ ಲೆಕ್ಕ ಯಾವ ರೇಖಾಗಣಿತದ ಪುಸ್ತಕಕ್ಕೂ ಕಡಿಮೆ ಅಲ್ಲ.

ಇಂಥವರಿಗೆ ದುಡ್ಡು ಕೊಡಿ. ‘ಮಕ್ಕಳಿಗೆ ತಾನೆ’ ಎಂದು ಪುಕ್ಕಟೆ ಕರೆಯಬೇಡಿ. ನಾವು ಮನೆಗಿಷ್ಟು ಎಂದು ತಿಂಗಳಿಗೆ ಸ್ವಲ್ಪ ಹಣ ಕೂಡಿಸಿ, ಒಂದು ದಿನದ ಕೆಲಸದ ಕೂಲಿಗಿಂತ ಕಡಿಮೆ ಆಗದ ಹಾಗೆ ಕೈಗೆ ಕೊಡುತ್ತೇವೆ. ಗುಡಿಗಾರರ ಗಂಧದ ಕೆತ್ತನೆ, ಬಿದಿರು ಬುಟ್ಟಿ, ಕಂಬಳಿ ಕೊಪ್ಪೆ ಯಾವುದಾದರೂ ಸರಿ, ನಿಮ್ಮೂರಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಒಂದು ಪಟ್ಟಿ ಮಾಡಿ. ನಮ್ಮ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೆಸರಿವೆ.

ಹೊರಗೆ ಹೋಗುವುದಕ್ಕೆ ಋತು ನೋಡಿ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ಬಂದರೆ ಸಕ್ರೆಬೈಲು ಆನೆ ಬಿಡಾರ. ಬೆಳಗ್ಗೆಯೇ ಹೋದರೆ ಗಾಜನೂರಿನ ಹಿನ್ನೀರಿನಲ್ಲಿ ಆನೆಗಳ ಸ್ನಾನ ನೋಡಬಹುದು. ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ರಸ್ತೆ ಪಕ್ಕದಿಂದಲೇ ಕಾಣುತ್ತದೆ. ಒಂದೇ ಸಲ ಹೋಗಿ ಬರಬೇಡಿ. ಗೂಡು ಕಟ್ಟುವಾಗ ಒಮ್ಮೆ, ಮರಿ ಆದಾಗ ಒಮ್ಮೆ ಹೋಗಿ.

ಸಾಗರ ತಾಲೂಕಿನ ಹೆಗ್ಗೋಡಿಗೆ ಒಂದು ಪೂರ್ತಿ ದಿನ ಇಡಿ. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಅಲ್ಲಿದೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹತ್ತಿರದ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಕೈಮಗ್ಗ, ನೈಸರ್ಗಿಕ ಬಣ್ಣದ ಕೆಲಸ ನಡೆಯುತ್ತದೆ. ತುಮರಿಯಲ್ಲಿ ಮಕ್ಕಳ ನಾಟಕಕ್ಕೇ ಹೆಸರಾದ ಕಿನ್ನರ ಮೇಳ ಇದೆ. ಮೊದಲು ಅಲ್ಲಿಗೆ ಹೋಗಲು ಲಾಂಚ್ ಕಾಯಬೇಕಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಹೋಗಿಬರುವುದು ಸುಲಭವಾಗಿದೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಿಕ್ಕಿತು. ಹಳಗನ್ನಡ ಕಷ್ಟ ಎನ್ನುವ ಮಕ್ಕಳಿಗೆ ಒಮ್ಮೆ ಗಮಕ ಕೇಳಿಸಿ. ಕುಪ್ಪಳಿ, ಕೆಳದಿ, ಇಕ್ಕೇರಿ, ತಾಳಗುಂದ ನಿಮಗೆ ಗೊತ್ತೇ ಇದೆ.

ಎಲ್ಲಿಗೂ ಹೋಗಲಾಗದ ವಾರ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಇದೆ. 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಬಂದ ಮೇಲೆ ಮಕ್ಕಳ ಪುಸ್ತಕಗಳೂ ಜಾಸ್ತಿ ಬಂದಿವೆ. ಮೇಲ್ವಿಚಾರಕರ ಪರಿಚಯ ಮಾಡಿಕೊಳ್ಳಿ. ನಮ್ಮೂರಿನಲ್ಲಿ ತಿಂಗಳಿಗೊಂದು ಶನಿವಾರ ನಮ್ಮ ಮಕ್ಕಳು ಅಲ್ಲೇ ಚಿಕ್ಕವರಿಗೆ ಕಥೆ ಓದಿ ಹೇಳುತ್ತಾರೆ.

ಕಾಡಿಗೆ ಹೋಗುವ ಮೊದಲು

ಇದನ್ನು ದಯವಿಟ್ಟು ಹಗುರ ಮಾಡಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ (ಉಣುಗು) ಕಚ್ಚಿ ಹರಡುವ ಕಾಯಿಲೆ ಇದು. ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಆ ತಿಂಗಳುಗಳಲ್ಲಿ ಹೊರಡುವ ಮೊದಲು ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿ, ಆ ಕಡೆ ಮಂಗ ಸತ್ತ ಸುದ್ದಿ ಇದೆಯಾ ಎಂದು ಕೇಳಿ. ಇದ್ದರೆ ಹೋಗಬೇಡಿ, ಅಷ್ಟೇ. ಉಣ್ಣೆ ಕಚ್ಚದಿರಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿಸಿ. ದರಗಿನ (ಒಣಗಿದ ಎಲೆಗಳ) ಮೇಲೆ ಕೂರಲು ಬಿಡಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.

ಹೊಳೆ ಹತ್ತಿರ ಹೋದರೆ ಈಜು ಬರುವ ಇಬ್ಬರು ದೊಡ್ಡವರು ಇರಲೇಬೇಕು. ಮಳೆಗಾಲದಲ್ಲಿ ನೀರಿಗೆ ಇಳಿಯುವುದೇ ಬೇಡ. ಯಾವ ಮಗುವೂ ಯಾವ ದೊಡ್ಡವರ ಜೊತೆಗೂ ಒಂಟಿಯಾಗಿ ಇರಬಾರದು, ಎಷ್ಟೇ ಪರಿಚಯದವರಾಗಲಿ. ಈ ನಿಯಮ ಮೊದಲ ದಿನವೇ ಎಲ್ಲರೆದುರು ಹೇಳಿ. ಆಮೇಲೆ ಹೇಳಲು ಹೋದರೆ ಯಾರಿಗೋ ಬೇಜಾರಾಗುತ್ತದೆ.

ಕಾಗದಪತ್ರ, ಪರೀಕ್ಷೆ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಹೋಮ್‌ಸ್ಕೂಲಿಂಗ್ ಬಗ್ಗೆ ಕಾಯ್ದೆಯಲ್ಲಿ ಮಾತೇ ಇಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಮೇಷ್ಟ್ರು, ಅಂಗನವಾಡಿಯವರು ಮನೆಗೆ ಬರುತ್ತಾರೆ. ಬಂದವರ ಜೊತೆ ವಾದ ಬೇಡ. ದುಡಿಮೆಗೆ ಹೋಗುವ ಮಕ್ಕಳನ್ನು, ಬಾಲ್ಯವಿವಾಹಕ್ಕೆ ಸಿಕ್ಕುವ ಹುಡುಗಿಯರನ್ನು ಹುಡುಕಿ ಉಳಿಸುವುದು ಅವರ ಕೆಲಸ. ಕೂರಿಸಿ ಕಾಫಿ ಕೊಟ್ಟು, ಮಕ್ಕಳ ಪುಸ್ತಕ, ಮಳೆ ಪಟ್ಟಿ, ಫೋಟೊ ತೋರಿಸಿ. ಪ್ರತಿ ಮಗುವಿಗೂ ಒಂದು ಫೈಲ್ ಇಡಿ. ಅದರಲ್ಲಿ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ತಿಂಗಳ ಕಲಿಕೆಯ ಒಂದು ಪುಟ ಇರಲಿ.

ಈ ಫೈಲಿನ ಬೆಲೆ ನನಗೆ ಗೊತ್ತಾದದ್ದು ಒಂದು ಚಿತ್ರ ಸ್ಪರ್ಧೆಯಲ್ಲಿ. ಶಾಲೆಯ ಸೀಲು ಇಲ್ಲ ಎಂದು ಬಾಗಿಲಲ್ಲೇ ಮಗಳನ್ನು ವಾಪಸು ಕಳಿಸಿದರು. ಬಣ್ಣದ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಮಾತಾಡದೆ ಕೂತಿದ್ದಳು. ಈಗ ಎಲ್ಲಿಗೆ ಹೋಗುವುದಿದ್ದರೂ ವಾರದ ಮೊದಲೇ ಸಂಘಟಕರಿಗೆ ಫೋನ್ ಮಾಡಿ, ವಯಸ್ಸಿನ ದಾಖಲೆ ಸಾಕೇ ಎಂದು ಕೇಳುತ್ತೇವೆ. ಗುಂಪಿನ ಹೆಸರಿನಲ್ಲಿ ಕೇಳಿದರೆ ಹೂಂ ಅನ್ನುವವರು ಜಾಸ್ತಿ.

ಹತ್ತನೇ ತರಗತಿಗೆ ಹೆಚ್ಚಿನವರು ಹಿಡಿಯುವುದು ಎನ್‌ಐಒಎಸ್ ದಾರಿ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಅದು. 14 ತುಂಬಿದವರು ಸೆಕೆಂಡರಿಗೆ ಸೇರಬಹುದು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಒಮ್ಮೆ ಸೇರಿದರೆ ಮುಗಿಸಲು ಐದು ವರ್ಷ ಸಮಯ. ರಾಜ್ಯದ ಎಸ್ಸೆಸ್ಸೆಲ್ಸಿಯನ್ನೂ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಮಗುವಿಗೆ ಹನ್ನೆರಡು ಆದಾಗಲೇ, ಈ ಪರೀಕ್ಷೆ ಬರೆದ ಒಂದು ಮನೆಯವರನ್ನು ಗುಂಪಿಗೆ ಕರೆದು ಒಂದು ಮಧ್ಯಾಹ್ನ ಮಾತಾಡಿಸಿ.

ಅಮ್ಮಂದಿರ ದಣಿವು

ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಮನೆಕೆಲಸ, ಕೊಟ್ಟಿಗೆ, ಮಕ್ಕಳ ಕಲಿಕೆ ಮೂರೂ ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ. ಗುಂಪೂ ಅದೇ ಹೆಗಲಿಗೆ ಬಿದ್ದರೆ ಒಂದು ವರ್ಷಕ್ಕಿಂತ ಜಾಸ್ತಿ ನಡೆಯುವುದಿಲ್ಲ. ನಮ್ಮಲ್ಲಿ ತಿಂಗಳ ಎರಡು ಶನಿವಾರ ಅಪ್ಪಂದಿರದ್ದು, ತಿಂಡಿಯಿಂದ ಪಾತ್ರೆ ತೊಳೆಯುವ ತನಕ. ಮೂರು ತಿಂಗಳಿಗೊಮ್ಮೆ ದೊಡ್ಡವರು ಮಾತ್ರ ಸೇರುತ್ತೇವೆ. ದುಡ್ಡಿನ ಲೆಕ್ಕ, ಯಾರಿಗೆ ಏನು ಬೇಜಾರು ಎಂಬುದು ಅವತ್ತೇ ಮುಗಿಯಬೇಕು.

ಮಗುವೇ ಶಾಲೆಗೆ ಹೋಗುತ್ತೇನೆ ಎಂದರೆ ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಆರು ದಾಟಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ನನ್ನ ಮಗ ಈ ವರ್ಷ ಊರಿನ ಸರ್ಕಾರಿ ಶಾಲೆಗೆ ಸೇರಿದ. ಶನಿವಾರ ಮಧ್ಯಾಹ್ನ ಬ್ಯಾಗು ಜಗಲಿಯಲ್ಲಿ ಬಿಸಾಕಿ, ಮಳೆ ಪುಸ್ತಕ ತೆಗೆದುಕೊಂಡು, ಅಕ್ಕನಿಗಿಂತ ಮೊದಲೇ ಸಂಕ ದಾಟಿರುತ್ತಾನೆ.